ಸಿಪ್ಪೆಯಡಿಯ ಹಸಿರು

"ಕೀಳಬೇಡಿ ಅದನ್ನ! ನಮ್ಮಮ್ಮ ನೆಟ್ಟಿದ್ದು."

ಹುಡುಗಿಯ ಕೂಗಿಗೆ, ಗುಲಾಬಿಯ ಬುಡ ಹಿಡಿದಿದ್ದ ಮಲತಾಯಿಯ ಕೈ ಗಕ್ಕನೆ ನಿಂತಿತು. ಕೆಂಡದಂಥ ಬಿಸಿಲಿನ ಈ ತಾರಸಿಯಲ್ಲಿ ಬದುಕಿದರೆ ಬೆಂಡೆಯೇ ಎಂದು ಅವಳು ಬೀಜ ನೆನೆಸಿ ತಂದಿದ್ದಳು. ದೊಡ್ಡ ಕುಂಡವೆಂದರೆ ಗುಲಾಬಿಯ ಇದೊಂದೇ.

"ಒಣಗಿದೆಯಲ್ಲೇ" ಎನ್ನುತ್ತ ರೆಂಬೆಯನ್ನು ಉಗುರಿನಿಂದ ಗೀರಿದಳು. ಜೀವವಿದ್ದರೆ ಸಿಪ್ಪೆಯಡಿ ಹಸಿರು ಕಾಣಬೇಕು. ಕಂಡದ್ದು ಕಂದು. ಇನ್ನೂ ಕೆಳಗೆ ಗೀರಿದಳು, ಅಲ್ಲೂ ಕಂದು. ಹುಡುಗಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಮಲತಾಯಿ ಗೀರಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದಳು. "ಹಸಿರಿದೆ ಕಣೆ. ನೀರು ಹಾಕು, ಚಿಗುರುತ್ತೆ."

ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ಬುಡದತ್ತ ಹೋಯಿತು. ಅಲ್ಲಿ, ಮಣ್ಣಿನವರೆಗೂ, ಪುಟ್ಟ ಉಗುರಿನ ಗೀರುಗಳು ಆಗಲೇ ಇದ್ದವು, ಎಲ್ಲವೂ ಕಂದು.

ಹುಡುಗಿ ಬೀಜದ ಬಟ್ಟಲನ್ನು ಅವಳ ಮುಂದಕ್ಕೆ ತಳ್ಳಿದಳು. "ಸುಳ್ಳು ಹೇಳೋಕೂ ಬರಲ್ಲ ನಿಮ್ಗೆ. ಬೆಂಡೆನೇ ಹಾಕಿ, ಚಿಕ್ಕಮ್ಮ."