ದವಡೆಯ ದಾರಿ

ಮನ್ಸೂರ್ ಮೊಮ್ಮಗಳ ಬಲಗಿವಿಯಲ್ಲಿ ಹಸುಗೂಸಿಗೆ ಕೇಳಿಸುವ ಅಜಾನ್ ಹೇಳುತ್ತಲೇ ಇದ್ದರು; ಮಗು ಮಾತ್ರ ಮುಷ್ಟಿ ಚೀಪುವುದನ್ನು ಬಿಡಲಿಲ್ಲ. ಅವರ ಮಗಳು, ಬಾಣಂತಿ ಅನೀಸಾ, ಮಂಚದ ಮೇಲೆ ಎದ್ದು ಕೂತಳು. ಆಸ್ಪತ್ರೆಯ ಕಿವಿ ಪರೀಕ್ಷೆಯಲ್ಲೂ ಮಗುವಿನ ಕಿವಿ ಸ್ಪಂದಿಸಿರಲಿಲ್ಲ.

ಅವಳಿಗೆ ಶೆಟ್ಟಿಹಳ್ಳಿಯ ಶಾಲೆಯಲ್ಲಿ ತಾನೇ ಮಾಡುವ ಜೀವಶಾಸ್ತ್ರದ ಪಾಠ ನೆನಪಾಯಿತು: ನೆಲಕ್ಕೆ ಬಂದ ಮೊದಲ ಬೆನ್ನೆಲುಬಿನ ಜೀವಿಗಳು ದವಡೆಯನ್ನು ನೆಲಕ್ಕೊತ್ತಿ ಮೂಳೆಯ ಮೂಲಕವೇ ಸದ್ದು ಕೇಳುತ್ತಿದ್ದವು, ಆ ದವಡೆಯ ಮೂಳೆಗಳೇ ಮುಂದೆ ನಮ್ಮ ಕಿವಿ ಸೇರಿದವು.

“ಅಬ್ಬಾ, ನಿಮ್ ದವಡೆ ಅವಳ ಕಿವಿ ಹಿಂದೆ ಒತ್ಕೊಂಡು ಹೇಳಿ.”

ಅವರು ಹಾಗೇ ಮಾಡಿದರು. ಮಗು ಚೀಪುವುದನ್ನು ನಿಲ್ಲಿಸಿತು. ಬರೀ ಗಡ್ಡ ಚುಚ್ಚಿತೇನೋ?

“ದವಡೆ ತೆಗೀಬೇಡಿ. ಸ್ವಲ್ಪ ಸುಮ್ನಿರಿ.”

ಅಜಾನ್ ನಿಂತಿತು. ಗಡ್ಡ ಅಲ್ಲೇ ಇತ್ತು. ಮಗು ಮತ್ತೆ ಚೀಪತೊಡಗಿತು.

“ಈಗ ಹೇಳಿ ಅಬ್ಬಾ.”

ಮೊದಲ ಪದಕ್ಕೇ ಮುಷ್ಟಿ ಬಾಯಿಂದ ಜಾರಿ, ಬೆರಳುಗಳು ಬಿಚ್ಚಿಕೊಂಡವು.