ಹದಿಮೂರು ದಿನ ಮುಟ್ಟದ ಪ್ರಿಂಟರ್

“ಸೂತಕ ಬಂದ್ರೆ ನಮ್ಮಲ್ಲಿ ಹತ್ತು ದಿನ ಜಾತಕ ಪ್ರಿಂಟ್ ಮಾಡುವ ಹಾಗಿಲ್ಲ. ಅಷ್ಟರಲ್ಲಿ ಪ್ರಿಂಟರಿನ ಪೈಪಿನ ಇಂಕ್ ಒಣಗಿದ್ರೆ ಎಂತ ಮಾಡುವುದು?” ಕಾವೂರಿನ ಪುರೋಹಿತರ ಮನೆಯ ನೀರಜಾಕ್ಷಿ ಕೇಳಿದರು.

ಫಳ್ನೀರಿನ ಪ್ರಿಂಟರ್ ಅಂಗಡಿಯ ಮುಖೇಶ್ ಅಷ್ಟು ಹೊತ್ತೂ, ಮೇಜಿನ ಮೇಲಿನ ಎರಡು ಪ್ರಿಂಟರುಗಳಿಗೆ ಹೊರಗಿನಿಂದ ಜೋಡಿಸಿದ್ದ ಇಂಕ್ ಟ್ಯಾಂಕುಗಳಲ್ಲಿ ದುಬಾರಿಯದನ್ನೇ ಹೊಗಳುತ್ತಿದ್ದ. ಈಗ ಮಾತು ನಿಲ್ಲಿಸಿ ಟೋಪಿ ತೆಗೆದ. ತಲೆ ನುಣ್ಣಗೆ ಬೋಳಾಗಿತ್ತು.

“ಅಮ್ಮ ಹೋಗಿ ಹದಿಮೂರು ದಿನ ಅಂಗಡಿ ಮುಚ್ಚಿತ್ತು ಅಕ್ಕ. ಇವತ್ತೇ ತೆರೆದದ್ದು. ಈ ಎರಡು ಪ್ರಿಂಟರನ್ನೂ ನಾನು ಇನ್ನೂ ಆನ್ ಮಾಡ್ಲಿಲ್ಲ. ಒಟ್ಟಿಗೇ ನೋಡುವ.”

ದುಬಾರಿ ಟ್ಯಾಂಕ್ ಜೋಡಿಸಿದ ಪ್ರಿಂಟರಿನಿಂದ ಬಂದ ಟೆಸ್ಟ್ ಹಾಳೆಯಲ್ಲಿ ಹಳದಿ ಇರಲೇ ಇಲ್ಲ. ಕಪ್ಪು ಗೆರೆಗಳು ಅಲ್ಲಲ್ಲಿ ಕಡಿದಿದ್ದವು. ಅಗ್ಗದ ಟ್ಯಾಂಕಿನದರಲ್ಲಿ ನಾಲ್ಕೂ ಬಣ್ಣದ ಗೆರೆಗಳು ಒಂದೂ ಕಡಿಯದೆ ಮೂಡಿದ್ದವು. ಇಂಕ್ ಬೀಳುವ ಹೆಡ್ ಕ್ಲೀನ್ ಮಾಡಿ ಇನ್ನೊಮ್ಮೆ ತೋರಿಸ್ತೇನೆ ಎಂದು ಅವನು ಹೇಳಬಹುದಿತ್ತು. ಅದರ ಬದಲು ಎರಡೂ ಹಾಳೆಗಳನ್ನು ಅವರ ಮುಂದಿಟ್ಟ.

“ಅಗ್ಗದ್ದೇ ಕಟ್ಟಿ ಕೊಡಿ,” ಎಂದರು ನೀರಜಾಕ್ಷಿ. “ಇನ್ನು ಇಂಕಿಗೂ ನಿಮ್ಮಲ್ಲಿಗೇ ಬರ್ತೇನೆ.”

ಮುಖೇಶ್ ತಲೆಯಾಡಿಸಿದ. ಕಟ್ಟುವ ಮೊದಲು, ದುಬಾರಿ ಟ್ಯಾಂಕಿನ ಮೇಲೆ ತಾನೇ ಬರೆದು ಅಂಟಿಸಿದ್ದ ‘ನಂಬರ್ ಒನ್’ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ.