ಸೀಮೆಸುಣ್ಣದ ಬಾಣ

ನಾಲ್ಕು ದಿನದ ಮೋಡ ಆ ಬೆಳಿಗ್ಗೆ ಹರಿದು, ಎಳೆಬಿಸಿಲು ಹೊಲಿಗೆ ಅಂಗಡಿಯೊಳಗೆ ಬಿದ್ದದ್ದೇ ತಡ, ಮೇಜಿನ ಮೇಲಿದ್ದ ಮಖಮಲ್ಲಿನ ಪರದೆ ಗುಟ್ಟು ಬಿಟ್ಟುಕೊಟ್ಟಿತು. ಒಂದೇ ಥಾನಿನ ಬಟ್ಟೆಯಾದರೂ ನಡುವಿನ ಪಟ್ಟಿ ಮಾತ್ರ ಬೂದಿ ಬಳಿದಂತೆ ಮಂಕಾಗಿತ್ತು. ಮಖಮಲ್ಲಿನ ಮೈಮೇಲಿನ ಎಳೆಗೂದಲು, ಅದರ ನವಿರು, ಆ ಪಟ್ಟಿಯಲ್ಲಿ ತಲೆಕೆಳಗಾಗಿತ್ತು. ನವಿರಿನ ದಿಕ್ಕಿಗೆ ಬಟ್ಟೆಯ ಹಿಂದೆ ಸೀಮೆಸುಣ್ಣದಲ್ಲಿ ಬಾಣ ಎಳೆಯುವುದು ಕಟಿಂಗ್ ಮಾಸ್ತರನ ಕೆಲಸ. ಬಾಣ ನೋಡಿ ಜೋಡಿಸುವುದು ಹೊಲಿಗೆಯವಳ ಕೆಲಸ.

"ಬಾಣ ನೋಡೋಕೂ ಕಣ್ಣಿಲ್ವೇನೇ? ಕತ್ತರಿ ಇಟ್ಟು ಮನೆಗೆ ನಡಿ," ಎಂದಳು ಒಡತಿ.

"ನೋಡೇ ಹೊಲಿದೆ ಅಕ್ಕಾ, ನನ್ನಾಣೆಗೂ," ಎನ್ನುತ್ತಾ ಹೊಲಿಗೆಯವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು.

"ಹೌದೌದು, ಬಾಣಾನೇ ಎದ್ದು ಮಗ್ಗುಲು ಬದಲಿಸಿತೇನೋ! ಎಲ್ಲಿ ಮಾಸ್ತರೇ, ತೋರಿಸಿ."

ಪರದೆಯ ಅಂಚು ಮಗುಚಿ ಹಿಡಿದಿದ್ದ ಮಾಸ್ತರನ ಹೆಬ್ಬೆರಳಿನಡಿಯಲ್ಲೇ ಆ ಬಾಣವಿತ್ತು. ಮೋಡದ ಮಬ್ಬಿನಲ್ಲಿ, ಅಂಗೈಯಿಂದ ನವಿರು ಸವರಿ ನೋಡದೆ ಅವನೇ ತಿರುವುಮುರುವಾಗಿ ಎಳೆದದ್ದು. ಒಮ್ಮೆ ಉಜ್ಜಿದರೆ ಸುಣ್ಣ ಉದುರಿ, ತಪ್ಪು ಅವಳ ತಲೆಗೇ ಉಳಿಯುತ್ತಿತ್ತು. ಹಾಸಿಗೆ ಹಿಡಿದ ಹೆಂಡತಿಯ ಔಷಧಿ ಈ ಕೆಲಸಕ್ಕೇ ಜೋತುಬಿದ್ದಿತ್ತು. 'ಕರ್ತನೇ, ಇದರಿಂದ ಪಾರುಮಾಡು' ಎಂದು ಶುರುವಾದ ಪ್ರಾರ್ಥನೆ ಅರ್ಧಕ್ಕೇ ನಿಂತಿತು. ತಾನು ಪಾರಾದರೆ ಮುಳುಗುವವಳು ಎದುರಿಗೇ ಇದ್ದಳು. 'ಬೇಡ ಯೇಸಪ್ಪಾ, ಬಿಡಿಸಬೇಡ. ಈ ಬೆರಳು ಎತ್ತೋ ಬಲ ಕೊಡು, ಸಾಕು.'

ಹೆಬ್ಬೆರಳು ಮೇಲೆದ್ದಿತು. "ನೋಡಿ ಅಮ್ಮಾ. ತಿರುಗಿಸಿ ಹಾಕಿದ್ದು ನಾನೇ."

ಒಡತಿ ಬಾಯಿ ತೆರೆಯುವ ಮೊದಲೇ ಅವನು ಮೇಜಿನ ಮೇಲಿದ್ದ ಕತ್ತರಿಯನ್ನೆತ್ತಿ, ಹಿಡಿಯನ್ನು ಮುಂದೆ ಮಾಡಿ, ಹೊಲಿಗೆಯವಳ ಕೈಗಿಟ್ಟನು.